ಗಾಳಿ ತಿರುಗುವ ಹೊತ್ತು

ನಮ್ಮ ವಿಜಯಪುರದಲ್ಲಿ ವಿಮಾನ ನಿಲ್ದಾಣದ ಮಾತು ಬಂದರೆ ಸಾಕು, ಚಹಾದಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಎಂಜಿನಿಯರುಗಳಾಗಿಬಿಡುತ್ತಾರೆ. ಬುರಣಾಪುರ-ಮದಭಾವಿ ಹತ್ತಿರ 727 ಎಕರೆ ಜಾಗ, 2021ರಲ್ಲಿ ಅಡಿಗಲ್ಲು, ಮೊದಲು ಎಟಿಆರ್ ಇಳಿಯುವಷ್ಟೇ ರನ್‌ವೇ ಅಂದರು, ಆಮೇಲೆ ಏರ್‌ಬಸ್ಸೇ ಇಳಿಯಬೇಕು ಅಂತ ಉದ್ದ ಮಾಡಿದರು... ಹೀಗೆ ಲೆಕ್ಕ ಎಲ್ಲರ ನಾಲಿಗೆಯ ತುದಿಯಲ್ಲೇ ಇದೆ. ಎಷ್ಟು ಉದ್ದ, ಎಷ್ಟು ಕೋಟಿ, ಯಾರ ಹೆಸರು ಇಡಬೇಕು ಎಂಬುದರ ಬಗ್ಗೆ ಜಗಳವೂ ಆಗಿದೆ. ಆದರೆ ಒಬ್ಬರೂ ಗಾಳಿಯ ಬಗ್ಗೆ ಕೇಳಿದ್ದನ್ನು ನಾನು ಕಂಡಿಲ್ಲ. ವಿಮಾನ ಇಳಿಯುವುದು ಡಾಂಬರಿನ ಮೇಲೆ ಅನ್ನುವುದು ಕೊನೆಯ ಒಂದು ಕ್ಷಣದ ಮಾತು. ಅದಕ್ಕೂ ಮೊದಲು ಅದು ಇಳಿಯುವುದು ಗಾಳಿಯ ಮೇಲೆಯೇ.

ಆ ಗಾಳಿಯನ್ನು ಮನುಷ್ಯ ಅರ್ಥ ಮಾಡಿಕೊಂಡ ಕತೆ ಬಹಳ ಹಳೆಯದೇನಲ್ಲ. ಐವತ್ತು ವರ್ಷ ಅಂದುಕೊಳ್ಳಿ. ಅಷ್ಟರೊಳಗೆ ಅದಕ್ಕೆ ನೂರಾರು ಜೀವ ಬಲಿಯಾಗಿವೆ. ನಮ್ಮ ಊರಿಗೂ ವಿಮಾನ ಬರುವ ಮಾತು ಇಷ್ಟು ವರ್ಷದಿಂದ ನಡೆದಿರುವಾಗ ಆ ಕತೆಯನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳೋಣ ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ನಮ್ಮ ಕಡೆಯವರಿಗೆ ಗಾಳಿ ಹೊಸದೇನಲ್ಲ. ಬಬಲೇಶ್ವರ ಕಡೆಯ ನಮ್ಮ ಕಾಕಾ ಜೋಳದ ರಾಶಿ ಮಾಡುವಾಗ ಕಣದಲ್ಲಿ ಗಾಳಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಎತ್ತರದ ಮೇಲೆ ನಿಂತು ಬುಟ್ಟಿ ಎತ್ತಿ ತೂರಬೇಕಾದರೆ ಗಾಳಿ ಒಂದೇ ದಿಕ್ಕಿನಿಂದ, ಒಂದೇ ಸಮನೆ ಬೀಸಬೇಕು. ಜೋರಿದ್ದರೂ ನಡೆದೀತು, ಮೆಲ್ಲಗಿದ್ದರೂ ನಡೆದೀತು. ನಡುವೆ ತಿರುಗಿತೋ, ಹೊಟ್ಟೆಲ್ಲ ಮತ್ತೆ ಕಾಳಿನ ರಾಶಿಯ ಮೇಲೇ ಬೀಳುತ್ತದೆ. "ಗಾಳಿ ಜೋರ್ ಇದ್ರ ಚಿಂತಿಲ್ಲೋ ತಮ್ಮಾ, ತಿರಗಬಾರದು ನೋಡು" ಅಂತ ಅವರು ಅನ್ನುತ್ತಿದ್ದರು. ವಿಮಾನ ನಡೆಸುವವರ ಪಾಠವೂ ಹೆಚ್ಚು ಕಡಿಮೆ ಇದೇ. ಜೋರು ಗಾಳಿ ವಿಮಾನದ ವೈರಿಯಲ್ಲ. ಎದುರಿನಿಂದ ಸಮನಾಗಿ ಬೀಸುವ ಜೋರು ಗಾಳಿ ಇಳಿಯುವವರಿಗೆ ನೆಂಟನಿದ್ದ ಹಾಗೆ. ವೈರಿ ಅಂದರೆ ತಿರುಗುವ ಗಾಳಿ.

ಟಿಕೋಟಾ ಸುತ್ತಿನ ದ್ರಾಕ್ಷಿ ಪಡದವರನ್ನು ಕೇಳಿದರೆ ಇದೇ ಮಾತಿನ ಇನ್ನೊಂದು ಮುಖ ಗೊತ್ತಾಗುತ್ತದೆ. ಮಾರ್ಚಿನಿಂದ ಮೇ ತನಕ, ಮಣೂಕ ಒಣಗಿಸುವ ಹೊತ್ತಿಗೇ, ಮಧ್ಯಾಹ್ನದ ಮೇಲೆ ಮೋಡ ಏಳುತ್ತದೆ. ತಳ ಬಹಳ ಎತ್ತರದಲ್ಲಿರುವ ಮೋಡ. ಕೆಳಗೆ ಮಳೆಯ ಪರದೆ ಇಳಿದಂತೆ ಕಾಣುತ್ತದೆ, ಆದರೆ ನೆಲಕ್ಕೆ ಹನಿ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ತಣ್ಣನೆಯ ಗಾಳಿ ನುಗ್ಗಿ ಬಂದು ಧೂಳೆಬ್ಬಿಸಿ ಶೆಡ್ಡಿನ ತಗಡು ಕಿತ್ತುಕೊಂಡು ಹೋಗುತ್ತದೆ. ಹತ್ತು ನಿಮಿಷ, ಮುಗಿಯಿತು. ಪಕ್ಕದ ಹೊಲದಲ್ಲಿ ಎಲೆ ಅಲ್ಲಾಡಿರುವುದಿಲ್ಲ! 2014ರ ಫೆಬ್ರುವರಿ-ಮಾರ್ಚಿನಲ್ಲಿ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಬಿದ್ದ ಆಣೆಕಲ್ಲು ಮಳೆ ದ್ರಾಕ್ಷಿ ಬೆಳೆಗಾರರಿಗೆ ಇವತ್ತಿಗೂ ನೆನಪಿದೆ. ಮೋಡದ ಕೆಳಗೆ ಮಳೆಗಿಂತ ಮುಂಚೆ ನುಗ್ಗುವ ಆ ತಣ್ಣನೆ ಗಾಳಿ ಏನು ಎಂಬುದನ್ನು ಕಂಡುಹಿಡಿದದ್ದೇ ಈ ಕತೆಯ ತಿರುಳು.

ಇಂಗ್ಲಿಷಿನಲ್ಲಿ ಇದಕ್ಕೆ ವಿಂಡ್‌ಶಿಯರ್ ಅನ್ನುತ್ತಾರೆ. ಶಿಯರ್ ಅಂದರೆ ಕತ್ತರಿಸುವುದು. ಸ್ವಲ್ಪ ದೂರದೊಳಗೇ ಗಾಳಿಯ ವೇಗವೋ ದಿಕ್ಕೋ ಥಟ್ಟನೆ ಬದಲಾಗುವುದಕ್ಕೆ ಈ ಹೆಸರು. ಕನ್ನಡದಲ್ಲಿ ಏನನ್ನೋಣ? 'ಗಾಳಿಗತ್ತರಿ' ಅಂದರೆ ಹೇಗೆ? ಕೇಳಲು ನನಗೇನೋ ಇಷ್ಟವಾಯಿತು. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ :)

ಈಗ ಲೆಕ್ಕ ನೋಡಿ, ಸುಲಭವಿದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಹಾಗಾಗಿ ಪೈಲಟ್ಟಿಗೆ ಮುಖ್ಯವಾದದ್ದು ನೆಲದ ಮೇಲಿನ ವೇಗವಲ್ಲ, ಗಾಳಿಯೊಳಗಿನ ವೇಗ. ದೊಡ್ಡ ವಿಮಾನವೊಂದು 140 ನಾಟ್ ವೇಗದಲ್ಲಿ ಇಳಿಯುತ್ತಿದೆ ಅನ್ನಿ, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್. ಅದರಲ್ಲಿ 20 ನಾಟ್ ಎದುರುಗಾಳಿ ಕೊಟ್ಟದ್ದು. ವಿಮಾನ ಮುಂದೆ ಹೋದಂತೆ ಕೆಲವೇ ಸೆಕೆಂಡುಗಳಲ್ಲಿ ಆ ಎದುರುಗಾಳಿ ಹೋಗಿ 20 ನಾಟ್ ಹಿಂಗಾಳಿ ಬಂತು. ಟನ್ನುಗಟ್ಟಲೆ ತೂಕದ ವಿಮಾನ ಅಷ್ಟು ಬೇಗ ವೇಗ ಬದಲಿಸಲಾರದು. ನೆಲದ ಲೆಕ್ಕದಲ್ಲಿ ಅದು ಮೊದಲಿನಷ್ಟೇ ವೇಗವಾಗಿ ಹೋಗುತ್ತಿದೆ, ಆದರೆ ರೆಕ್ಕೆಗೆ ಸಿಗುವ ಗಾಳಿ 140ರಿಂದ 100 ನಾಟಿಗೆ ಕುಸಿದಿದೆ. ಅಷ್ಟರಲ್ಲಿ ವಿಮಾನ ಹಾರುವುದಿಲ್ಲ, ಬೀಳುತ್ತದೆ. ಎತ್ತರದಲ್ಲಿದ್ದರೆ ಬಿದ್ದು ಸುಧಾರಿಸಿಕೊಳ್ಳಲು ಜಾಗವಿರುತ್ತದೆ. ನೆಲದಿಂದ ಐನೂರು ಅಡಿ ಮೇಲಿದ್ದಾಗ ಆ ಜಾಗ ಎಲ್ಲಿಂದ ಬರಬೇಕು?

ಇದರಲ್ಲಿ ಇನ್ನೊಂದು ಮೋಸವಿದೆ. ಗುಡುಗಿನ ಮೋಡದಿಂದ ಕೆಳಕ್ಕೆ ಸುರಿಯುವ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಚೆಲ್ಲುತ್ತದೆ, ಬಕೆಟ್ ನೀರನ್ನು ಅಂಗಳಕ್ಕೆ ಸುರಿದ ಹಾಗೆ. ಅದರೊಳಕ್ಕೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ವೇಗ ಏರುತ್ತದೆ, ವಿಮಾನ ಮೇಲಕ್ಕೆ ಏಳುತ್ತದೆ. ಪೈಲಟ್ "ವೇಗ ಹೆಚ್ಚಾಯಿತು" ಅಂತ ಎಂಜಿನ್ ಕಮ್ಮಿ ಮಾಡುತ್ತಾನೆ. ಮರುಕ್ಷಣ ಮೇಲಿನಿಂದ ಒತ್ತುವ ಗಾಳಿ. ಅದರ ಮರುಕ್ಷಣ ಹಿಂಗಾಳಿ. ಎಂಜಿನ್ ಕಮ್ಮಿಯಾದ ಹೊತ್ತಿಗೆ ಸರಿಯಾಗಿ ವೇಗ ಕುಸಿಯುತ್ತದೆ. ಜೆಟ್ ಎಂಜಿನ್ನು ಕೇಳಿದ ತಕ್ಷಣ ಪೂರ್ತಿ ಶಕ್ತಿ ಕೊಡುವುದಿಲ್ಲ, ಅದಕ್ಕೂ ಕೆಲವು ಸೆಕೆಂಡು ಬೇಕು. ಮೊದಲು ಕೊಟ್ಟು ಆಮೇಲೆ ಕಿತ್ತುಕೊಳ್ಳುವ ಸಾಲಗಾರನ ಬುದ್ಧಿ ಈ ಗಾಳಿಯದು.

1975ರ ತನಕ ಇದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುಡುಗು ಮಳೆಯಲ್ಲಿ ವಿಮಾನ ಬಿದ್ದರೆ ಪೈಲಟ್ಟಿನ ತಪ್ಪು ಅಂತ ಬರೆದು ಕಡತ ಮುಚ್ಚುವುದೇ ಸುಲಭವಾಗಿತ್ತು. ಆ ವರ್ಷ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಈಸ್ಟರ್ನ್ ಕಂಪನಿಯ 66ನೇ ಫ್ಲೈಟ್, ಬೋಯಿಂಗ್ 727, ರನ್‌ವೇ ಮುಟ್ಟುವ ಮೊದಲೇ ದೀಪದ ಕಂಬಗಳಿಗೆ ಬಡಿದು ಚೂರಾಯಿತು. ಒಳಗಿದ್ದ 124 ಜನರಲ್ಲಿ 113 ಮಂದಿ ಹೋದರು. ಹೊಟ್ಟೆ ಉರಿಯುವ ಸಂಗತಿ ಅಂದರೆ, ಕೆಲವೇ ನಿಮಿಷ ಮೊದಲು ಅದೇ ರನ್‌ವೇಯಲ್ಲಿ ಇಳಿದ ಸರಕು ವಿಮಾನದ ಪೈಲಟ್ ಗಾಳಿ ಬಹಳ ಕೆಟ್ಟದಾಗಿದೆ, ರನ್‌ವೇ ಬದಲಿಸಿ ಅಂತ ಕಂಟ್ರೋಲಿಗೆ ಹೇಳಿದ್ದ. ಅದರ ಹಿಂದೆ ಬಂದ ಇನ್ನೊಂದು ದೊಡ್ಡ ವಿಮಾನ ಇಳಿಯಲಾಗದೆ ಮೇಲೆದ್ದು ಹೋಗಿತ್ತು. ಆಮೇಲೆಯೂ ಎರಡು ವಿಮಾನ ಇಳಿದವು. ಮುಂದಿನವರು ಇಳಿದರಲ್ಲ, ನಾವೂ ಇಳಿಯಬಹುದು ಎಂಬ ಧೈರ್ಯ ಇದೆಯಲ್ಲ, ಅದು ಎಷ್ಟು ಅಪಾಯದ್ದು ನೋಡಿ.

ಈ ಅಪಘಾತವನ್ನು ಪರೀಕ್ಷಿಸಲು ಷಿಕಾಗೋ ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರನ್ನು ಕರೆದರು. ಟೆಟ್ಸುಯಾ ಫುಜಿತಾ. ಹುಟ್ಟಿದ್ದು 1920ರಲ್ಲಿ ಜಪಾನಿನ ಕ್ಯುಶು ದ್ವೀಪದಲ್ಲಿ. 1945ರಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಬಾಂಬು ಬಿದ್ದ ಮೇಲೆ ಹಾನಿ ನೋಡಲು ಹೋದ ತಂಡದಲ್ಲಿ ಈತ ಇದ್ದ. ಎರಡನೆಯ ಬಾಂಬು ಮೊದಲು ಬೀಳಬೇಕಿದ್ದದ್ದು ಕೊಕುರಾ ಊರಿನ ಮೇಲೆ. ಫುಜಿತಾ ಆಗ ಇದ್ದದ್ದು ಅದರ ಪಕ್ಕದಲ್ಲೇ. ಆ ದಿನ ಕೊಕುರಾ ಸರಿಯಾಗಿ ಕಾಣದೆ ಬಾಂಬು ನಾಗಸಾಕಿಗೆ ಹೋಯಿತು! ಅಲ್ಲಿ ಆತ ಕಂಡದ್ದು, ಮೇಲಿನಿಂದ ಬಡಿದ ಹೊಡೆತಕ್ಕೆ ಮರಗಳು ಒಂದು ಬಿಂದುವಿನಿಂದ ಸುತ್ತಲೂ ನಕ್ಷತ್ರದ ಹಾಗೆ ಹೊರಮುಖವಾಗಿ ಬಿದ್ದದ್ದು. 1953ರಲ್ಲಿ ಅಮೆರಿಕಾಗೆ ಹೋದ. ಸುಂಟರಗಾಳಿಯ ಬಲ ಅಳೆಯುವ 'ಎಫ್' ಅಳತೆ ಈತನ ಹೆಸರಿನದ್ದೇ. 1974ರಲ್ಲಿ ಅಮೆರಿಕಾದಲ್ಲಿ ಒಂದೇ ಬೀಸಿಗೆ ನೂರಕ್ಕೂ ಹೆಚ್ಚು ಸುಂಟರಗಾಳಿ ಎದ್ದಾಗ ವಿಮಾನದಲ್ಲಿ ಕೂತು ಕೆಳಗಿನ ಕಾಡು ನೋಡುತ್ತಿದ್ದ ಫುಜಿತಾನಿಗೆ ಕೆಲವು ಕಡೆ ಮರಗಳು ಸುಳಿಯಾಗಿ ಅಲ್ಲ, ನಕ್ಷತ್ರದ ಹಾಗೆ ಬಿದ್ದದ್ದು ಕಂಡಿತು. ಮೂವತ್ತು ವರ್ಷದ ಹಿಂದೆ ನಾಗಸಾಕಿಯಲ್ಲಿ ನೋಡಿದ ಅದೇ ಚಿತ್ರ.

ಕೆನಡಿ ನಿಲ್ದಾಣದ ಅಪಘಾತಕ್ಕೆ ಆತ ಈ ಚಿತ್ರವನ್ನು ಜೋಡಿಸಿದ. ಮೋಡದಿಂದ ಗಾಳಿಯ ಕಂಬವೊಂದು ಕೆಳಕ್ಕೆ ಬಿದ್ದು ನೆಲದ ಮೇಲೆ ಚೆಲ್ಲಿದೆ ಅಂದ. ಅದಕ್ಕೆ 'ಡೌನ್‌ಬರ್ಸ್ಟ್' ಅಂತಲೂ, ನಾಲ್ಕು ಕಿಲೋಮೀಟರಿಗಿಂತ ಚಿಕ್ಕದಿದ್ದರೆ 'ಮೈಕ್ರೋಬರ್ಸ್ಟ್' ಅಂತಲೂ ಹೆಸರಿಟ್ಟ. ಹವಾಮಾನ ಶಾಸ್ತ್ರದ ಬಹಳ ಜನ ನಂಬಲಿಲ್ಲ. ಗುಡುಗು ಮೋಡದಿಂದ ಗಾಳಿ ಕೆಳಗಿಳಿಯುವುದು ನಮಗೂ ಗೊತ್ತು, ನೆಲದ ಹತ್ತಿರ ಬರುವಷ್ಟರಲ್ಲಿ ಅದು ಸಪ್ಪಗಾಗುತ್ತದೆ, ಇವನದೇನು ಹೊಸದು ಅಂದರು. ಫುಜಿತಾ ವಾದಕ್ಕೆ ನಿಲ್ಲದೆ ಡಾಪ್ಲರ್ ರೇಡಾರ್ ಹಿಡಿದುಕೊಂಡು ಹೊರಟ. 1978ರಲ್ಲಿ ಷಿಕಾಗೋ ಹತ್ತಿರ, 1982ರಲ್ಲಿ ಡೆನ್ವರಿನಲ್ಲಿ. ಒಂದೆರಡಲ್ಲ, ಡೆನ್ವರಿನಲ್ಲಿ ಒಂದೇ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಮೈಕ್ರೋಬರ್ಸ್ಟ್ ಸಿಕ್ಕವು. ಹೆಚ್ಚಿನವು ಐದರಿಂದ ಹದಿನೈದು ನಿಮಿಷದೊಳಗೆ ಹುಟ್ಟಿ ಸತ್ತವು. ಎಷ್ಟೋ ಸಲ ಕೆಳಗೆ ಮಳೆಯೇ ಇರಲಿಲ್ಲ. ಎತ್ತರದ ಮೋಡದಿಂದ ಇಳಿದ ಹನಿ ಒಣಗಾಳಿಯಲ್ಲಿ ಆವಿಯಾಗುತ್ತದೆ, ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖ ಹೀರುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕಲ್ಲಿನಂತೆ ಬೀಳುತ್ತದೆ. ಮಡಕೆಯ ನೀರು ತಣ್ಣಗಾಗುವ ಉಪಾಯವೇ ಇದು, ಆಕಾಶದಲ್ಲಿ ನಡೆದಾಗ ವಿಮಾನ ಬೀಳುತ್ತದೆ.

ಟಿಕೋಟಾದ ಬೇಸಿಗೆಯ ಮಧ್ಯಾಹ್ನವನ್ನು ಮೇಲೆ ಹೇಳಿದ್ದು ಇದಕ್ಕೇ. ಎತ್ತರದ ಬಯಲು, ಒಣಗಾಳಿ, ಕಾದ ನೆಲ, ಮೇಲೆಲ್ಲೋ ಮೋಡದ ತಳ, ಹನಿ ಮುಟ್ಟದ ಮಳೆ. ಡೆನ್ವರ್ ನಮಗಿಂತ ಬಹಳ ಎತ್ತರದ ಊರು, ಹವೆಯೂ ಬೇರೆ. ಆದರೂ ಕಾರಣಗಳ ಪಟ್ಟಿ ನೋಡಿದರೆ ನಮ್ಮ ಏಪ್ರಿಲ್-ಮೇ ತಿಂಗಳುಗಳು ನೆನಪಾಗದೆ ಇರುವುದಿಲ್ಲ.

ಗೊತ್ತಾದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. 1982ರ ಜುಲೈ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮೇಲೇಳುತ್ತಿದ್ದ ಪ್ಯಾನ್ ಆಮ್ ವಿಮಾನ ಮನೆಗಳ ಮೇಲೆ ಬಿದ್ದು 153 ಜನ ಸತ್ತರು. 1983ರ ಆಗಸ್ಟ್ 1ರಂದು ಅಧ್ಯಕ್ಷ ರೇಗನ್ ಇದ್ದ ವಿಮಾನ ಆಂಡ್ರೂಸ್ ವಾಯುನೆಲೆಯಲ್ಲಿ ಇಳಿದ ಕೆಲವೇ ನಿಮಿಷಕ್ಕೆ ಅಲ್ಲಿ ಭಯಂಕರ ಮೈಕ್ರೋಬರ್ಸ್ಟ್ ಬಡಿಯಿತು. ಸ್ವಲ್ಪ ತಡವಾಗಿದ್ದರೆ ಇತಿಹಾಸವೇ ಬೇರೆ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ಮಳೆಯ ಪರದೆಯೊಳಕ್ಕೆ ಹೊಕ್ಕು ಹೊರಬರಲಿಲ್ಲ, 137 ಸಾವು. ಇದಾದ ಮೇಲೆ ಅಮೆರಿಕಾ ಎದ್ದು ಕೂತಿತು. ಪೈಲಟ್‌ಗಳಿಗೆ ಪಾಠ ತಯಾರಾಯಿತು, 1987ರಲ್ಲಿ ಅದು ಹೊರಬಂತು. ವಿಮಾನಗಳಲ್ಲಿ ಎಚ್ಚರಿಸುವ ಯಂತ್ರ ಇರಲೇಬೇಕು ಎಂಬ ನಿಯಮ 1988ರಲ್ಲಿ ಬಂತು. ನಾಸಾದವರು 737 ವಿಮಾನವೊಂದನ್ನು ಬೇಕೆಂದೇ ಬಿರುಗಾಳಿಯ ಸುತ್ತ ಹಾರಿಸಿ, ಮುಂದಿರುವ ಗಾಳಿಗತ್ತರಿಯನ್ನು ಮೊದಲೇ ಕಾಣುವ ರೇಡಾರ್ ಸಾಧ್ಯ ಅಂತ ತೋರಿಸಿದರು. ದೊಡ್ಡ ನಿಲ್ದಾಣಗಳಿಗೆ ಡಾಪ್ಲರ್ ರೇಡಾರ್ ಬಂದವು.

ಯಂತ್ರವೂ ದೇವರಲ್ಲ ಬಿಡಿ. 1994ರ ಜುಲೈ 2ರಂದು ಷಾರ್ಲಟ್ ಎಂಬಲ್ಲಿ ಇಳಿಯಲು ಬಂದ ಡಿಸಿ-9 ವಿಮಾನ ಮೈಕ್ರೋಬರ್ಸ್ಟ್‌ಗೆ ಸಿಕ್ಕಿ 37 ಜನ ಸತ್ತರು. ಅದರಲ್ಲಿ ಎಚ್ಚರಿಕೆಯ ಯಂತ್ರವಿತ್ತು, ಆದರೆ ರೆಕ್ಕೆಯ ಫ್ಲ್ಯಾಪ್ ಜಾಗ ಬದಲಿಸುತ್ತಿದ್ದ ಆ ಹೊತ್ತಿನಲ್ಲಿ ಅದು ಕೂಗಲಿಲ್ಲ.

ಹಾಗಾದರೆ ಪೈಲಟ್ ಏನು ಮಾಡುತ್ತಾನೆ? ಮೊದಲ ಪಾಠ: ಒಳಗೆ ಹೋಗಬೇಡ. ಗುಡುಗಿನ ಮೋಡ ದಾರಿಯ ಮೇಲಿದ್ದರೆ ಕಾಯಿ, ಸುತ್ತು ಹಾಕು, ಬೇರೆ ಊರಿಗೆ ಹೋಗು. ಮುಂದೆ ನೋಡುವ ರೇಡಾರ್ ಗಾಳಿಗತ್ತರಿ ಕಂಡರೆ ಇಳಿಯುವುದನ್ನು ಬಿಟ್ಟು ಮೇಲೇಳು ಅಂತ ಯಂತ್ರವೇ ಕೂಗುತ್ತದೆ. ಆಗ ಚರ್ಚೆ ಇಲ್ಲ, ಮೇಲೇಳಬೇಕು. ಅದರೊಳಗೇ ಸಿಕ್ಕಿಬಿದ್ದರೆ ಇನ್ನೊಂದು ಯಂತ್ರ 'ವಿಂಡ್‌ಶಿಯರ್' ಅಂತ ಮೂರು ಸಲ ಒದರುತ್ತದೆ. ಆಗ ಎಂಜಿನ್ನಿಗೆ ಪೂರ್ತಿ ಶಕ್ತಿ, ಬೋಯಿಂಗ್ ಆದರೆ ಮೂತಿ ಸುಮಾರು 15 ಡಿಗ್ರಿ ಮೇಲಕ್ಕೆ. ವಿಚಿತ್ರವಾದ ನಿಯಮ ಆಮೇಲಿನದು. ಮಾಮೂಲಿಯಾಗಿ ಮೇಲೇಳುವಾಗ ಚಕ್ರ ಮಡಚುತ್ತಾರೆ, ಫ್ಲ್ಯಾಪ್ ಒಳಗೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಎರಡನ್ನೂ ಮುಟ್ಟಬಾರದು. ಚಕ್ರ ಮಡಚಲು ಬಾಗಿಲು ತೆರೆದರೆ ಗಾಳಿಯ ಎಳೆತ ಹೆಚ್ಚುತ್ತದೆ, ಫ್ಲ್ಯಾಪ್ ತೆಗೆದರೆ ರೆಕ್ಕೆಯ ಎತ್ತುವ ಬಲ ಕಮ್ಮಿಯಾಗುತ್ತದೆ. ನೆಲ ಮುಟ್ಟಿಬಿಟ್ಟರೂ ಚಕ್ರ ಕೆಳಗಿರುವುದೇ ವಾಸಿ. ಗಾಳಿಯಿಂದ ಹೊರಬರುವ ತನಕ ಒಬ್ಬ ವಿಮಾನ ಹಿಡಿದಿರುತ್ತಾನೆ, ಇನ್ನೊಬ್ಬ ಎತ್ತರ, ವೇಗ ಕೂಗಿ ಹೇಳುತ್ತಿರುತ್ತಾನೆ. ವೇಗ ಕಮ್ಮಿಯಾದಾಗ ಮೂತಿ ತಗ್ಗಿಸು ಅಂತ ಕೈ ಹೇಳುತ್ತದೆ, ನೆಲದ ಹತ್ತಿರ ಆ ಮಾತು ಕೇಳಬಾರದು. ಕೈಗೆ ಬಂದ ಅಭ್ಯಾಸವನ್ನು ಕೈಯಿಂದಲೇ ಬಿಡಿಸಬೇಕಾದ್ದರಿಂದ ಇದನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ.

ಕುಲುಕಾಟ, ಅಂದರೆ ಟರ್ಬ್ಯುಲೆನ್ಸ್, ಇದರ ತಮ್ಮನಿದ್ದ ಹಾಗೆ, ಅವನೇ ಅಲ್ಲ. ಪ್ರಯಾಣಿಕರಾದ ನಮಗೆ ಹೆದರಿಕೆ ಹುಟ್ಟಿಸುವುದು ಕುಲುಕಾಟ, ಪೈಲಟ್‌ಗೆ ಹೆದರಿಕೆ ಗಾಳಿಗತ್ತರಿ. ಕುಲುಕಾಟದಲ್ಲಿ ವಿಮಾನ ಮುರಿಯುವುದು ತೀರಾ ಅಪರೂಪ, ಬೆಲ್ಟ್ ಕಟ್ಟದವರ ತಲೆ ಒಡೆಯುವುದು ಅಪರೂಪವಲ್ಲ. 2022ರ ಮೇ 1ರಂದು ಮುಂಬೈಯಿಂದ ದುರ್ಗಾಪುರಕ್ಕೆ ಇಳಿಯುತ್ತಿದ್ದ ವಿಮಾನ ಬಿರುಗಾಳಿಗೆ ಸಿಕ್ಕಿ ಹತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನ ಆಣೆಕಲ್ಲಿನ ಮೋಡಕ್ಕೆ ಸಿಕ್ಕಿತು. ಇಳಿದ ಮೇಲೆ ನೋಡಿದರೆ ಅದರ ಮೂತಿ ಒಡೆದು ತೆರೆದುಕೊಂಡಿತ್ತು. ಒಳಗಿದ್ದ ಇನ್ನೂರಕ್ಕೂ ಹೆಚ್ಚು ಜನ ಕ್ಷೇಮ.

ಈ ಕುಲುಕಾಟದ ಗಣಿತವನ್ನು ಜೀವನಪೂರ್ತಿ ಬೆನ್ನು ಹತ್ತಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ರೊದ್ದಂ ನರಸಿಂಹ. ಐಐಎಸ್‌ಸಿಯಲ್ಲಿ ಸತೀಶ್ ಧವನ್ ಅವರ ಶಿಷ್ಯರು, 1984ರಿಂದ 1993ರವರೆಗೆ ಎನ್‌ಎಎಲ್ ನಿರ್ದೇಶಕರು, ಆಮೇಲೆ ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ. ನಯವಾಗಿ ಹರಿಯುವ ಗಾಳಿ ಯಾವಾಗ, ಹೇಗೆ ಕದಡುತ್ತದೆ ಎಂಬುದು ಅವರ ಪ್ರಶ್ನೆ. 1990ರಲ್ಲಿ ಉತ್ತರ ಭಾರತದ ಮುಂಗಾರಿನ ಕೆಳಪದರದ ಗಾಳಿಯನ್ನು ಅಳೆಯುವ ದೊಡ್ಡ ಪ್ರಯೋಗವೂ ಅವರ ಮುಂದಾಳತ್ವದಲ್ಲಿ ನಡೆಯಿತು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರಲ್ಲಿ ಹಿರಿಯರು. ಕನ್ನಡದಲ್ಲಿ ವಿಜ್ಞಾನ ಬರೆಯುವುದರಿಂದ ಏನುಪಯೋಗ ಅಂತ ಕೇಳುವವರಿಗೆ ಈ ಅಪ್ಪ-ಮಗನ ಹೆಸರು ಹೇಳಿ.

ಇನ್ನು ನಮ್ಮ ರಾಜ್ಯದ ಕತೆಗೆ ಬರೋಣ. ಕರ್ನಾಟಕದ ಎರಡು ದೊಡ್ಡ ವಿಮಾನ ದುರಂತಗಳಿಗೆ ಗಾಳಿ ಕಾರಣವಲ್ಲ. ಆದರೂ ಅವನ್ನು ಇಲ್ಲಿ ಹೇಳದೆ ಇರಲಾಗದು, ಯಾಕೆಂದರೆ ಪಾಠ ಒಂದೇ.

1990ರ ಫೆಬ್ರುವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಹಗಲು ಹೊತ್ತು, ಆಕಾಶ ಚೆನ್ನಾಗಿತ್ತು. ಎಂಜಿನ್ನುಗಳು ಸುಮ್ಮನೆ ತಿರುಗುವಷ್ಟೇ ಶಕ್ತಿಯ ಹಂತದಲ್ಲಿ ಉಳಿದುಬಿಟ್ಟಿದ್ದವು, ವೇಗ ಬೇಕಾದ್ದಕ್ಕಿಂತ 25 ನಾಟಿನಷ್ಟು ಕುಸಿಯಿತು. ಗೊತ್ತಾಗಿ ಶಕ್ತಿ ಕೊಡುವಷ್ಟರಲ್ಲಿ ತಡವಾಗಿತ್ತು. ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಹೋದರು. ಡಲ್ಲಾಸ್‌ನಲ್ಲಿ ಗಾಳಿ ಕಿತ್ತುಕೊಂಡ ವೇಗ ಇಲ್ಲಿ ಯಾರೂ ಕಿತ್ತುಕೊಳ್ಳದೆಯೇ ಹೋಯಿತು. ನೆಲದ ಹತ್ತಿರ ವೇಗ ಕಳೆದುಕೊಂಡರೆ, ಕಾರಣ ಏನೇ ಇರಲಿ, ಲೆಕ್ಕ ಒಂದೇ.

ಎರಡನೆಯದು ಮಂಗಳೂರು. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ಉದ್ಘಾಟಿಸಿದ್ದು. 1981ರ ಆಗಸ್ಟಿನಲ್ಲಿ ಒದ್ದೆ ರನ್‌ವೇಯಲ್ಲಿ ಆವ್ರೋ ವಿಮಾನವೊಂದು ಅಂಚು ದಾಟಿ ಹೋಗಿತ್ತು. ವೀರಪ್ಪ ಮೊಯಿಲಿ ಅದರಲ್ಲಿದ್ದರು, ಯಾರಿಗೂ ಪ್ರಾಣಾಪಾಯವಾಗಲಿಲ್ಲ. 2010ರ ಮೇ 22ರ ಬೆಳಗ್ಗೆ ಹಾಗಾಗಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ 166 ಜನ. ಗಾಳಿ ಶಾಂತ, ಕಣ್ಣಿಗೆ ಕಾಣುವ ದೂರ 6 ಕಿಲೋಮೀಟರ್. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿ ಎದ್ದಿದ್ದ ಕ್ಯಾಪ್ಟನ್ ಕಡಿದಾಗಿ ಇಳಿಸಿದ. ಸಹಪೈಲಟ್ ಮೂರು ಸಲ ಮೇಲೇಳೋಣ ಅಂದ, ಯಂತ್ರ ಮತ್ತೆ ಮತ್ತೆ ಎಚ್ಚರಿಸಿತು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಗುಡ್ಡದ ಆಚೆ ಕಣಿವೆ. 158 ಸಾವು, ಉಳಿದವರು ಎಂಟೇ ಜನ. ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು, ಅಂಥದ್ದೇ ಗುಡ್ಡದ ಮೇಲಿನ ಕೋಳಿಕ್ಕೋಡ್ ನಿಲ್ದಾಣದಲ್ಲಿ ಮಳೆ, ಹಿಂಗಾಳಿ ಎರಡೂ ಸೇರಿ ಇನ್ನೊಂದು ವಿಮಾನ ಅಂಚು ದಾಟಿತು, 21 ಜನ ಹೋದರು. ಅಲ್ಲಿ ಗಾಳಿಯ ಪಾಲೂ ಇತ್ತು.

ಈ ಎರಡು ಊರಿನ ಗುಡ್ಡದ ಮೇಲೆ ನಡೆದದ್ದನ್ನು ನೋಡಿದರೆ ಇಳಿಯುವ ಕಲೆಯ ಮುಖ್ಯ ಸೂತ್ರ ತಾನಾಗೇ ಕಾಣುತ್ತದೆ. ನೆಲದಿಂದ 1,000 ಅಡಿ ಮೇಲಿದ್ದಾಗ, ಅಂದರೆ ರನ್‌ವೇ ಐದೂವರೆ ಕಿಲೋಮೀಟರ್ ದೂರವಿರುವಾಗ, ವೇಗ, ಎತ್ತರ, ದಾರಿ ಎಲ್ಲ ಸರಿಯಿರಬೇಕು. ಇಲ್ಲವೋ, ಇಳಿಯಬಾರದು. ಗಾಳಿ ತಿರುಗಿದರೂ ಅಷ್ಟೇ, ತಾನೇ ಎತ್ತರ ತಪ್ಪಿದರೂ ಅಷ್ಟೇ. ಮೇಲೆದ್ದು ಇನ್ನೊಂದು ಸುತ್ತು ಹಾಕಿ ಬರುವುದು ಸೋಲಲ್ಲ.

ನಮ್ಮ ಉತ್ತರ ಕರ್ನಾಟಕದಲ್ಲೇ ಇದರ ಸಣ್ಣ ಉದಾಹರಣೆಗಳಿವೆ. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ವಿಮಾನ ಜೋರು ಮಳೆಯಲ್ಲಿ ರನ್‌ವೇಯಿಂದ ಪಕ್ಕಕ್ಕೆ ಜಾರಿತು. 2021ರ ಜೂನ್ 14ರಂದು ಕಣ್ಣೂರಿನಿಂದ ಬಂದ ಎಟಿಆರ್ ಅಡ್ಡಗಾಳಿಯ ಕಾರಣಕ್ಕೆ ಹುಬ್ಬಳ್ಳಿಯಲ್ಲಿ ಮೊದಲ ಯತ್ನ ಕೈಬಿಟ್ಟು ಮೇಲೆದ್ದು ಎರಡನೆಯ ಸಲ ಇಳಿಯಿತು. ಟೈರ್ ಒಡೆಯಿತು, ಒಳಗಿದ್ದವರಿಗೆ ಏನೂ ಆಗಲಿಲ್ಲ. ಮರುದಿನ ಸುದ್ದಿಯಾದದ್ದು ಒಡೆದ ಟೈರು. ಮೊದಲ ಸಲ ಇಳಿಯದೆ ಬಿಟ್ಟ ನಿರ್ಧಾರ ಯಾರಿಗೆ ಸುದ್ದಿ?

ನಿಲ್ದಾಣದಲ್ಲಿ ಹವೆ ಅಳೆಯುವ ಸಾಧನಗಳ ವಿಷಯದಲ್ಲಿ ಬೆಂಗಳೂರಿನ ಎನ್‌ಎಎಲ್ ಒಳ್ಳೆಯ ಕೆಲಸ ಮಾಡಿದೆ. ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತದೆ ಎಂದು ಅಳೆಯುವ 'ದೃಷ್ಟಿ' ಎಂಬ ಯಂತ್ರವನ್ನು ವಿಜ್ಞಾನಿ ಶುಭಾ ಅಯ್ಯಂಗಾರ್ ಅವರ ಮುಂದಾಳತ್ವದಲ್ಲಿ ಇಲ್ಲೇ ಮಾಡಿದರು. ಹೊರದೇಶದಿಂದ ತರಿಸುತ್ತಿದ್ದ ಯಂತ್ರದ ಜಾಗದಲ್ಲಿ ದೇಶದ ಹಲವು ನಿಲ್ದಾಣಗಳಲ್ಲಿ ಈಗ ಅದೇ ನಿಂತಿದೆ. ಗಾಳಿ, ಉಷ್ಣತೆ, ಒತ್ತಡ ಅಳೆದು ತಾನೇ ವರದಿ ಕೊಡುವ ವ್ಯವಸ್ಥೆಯನ್ನೂ ಮಾಡಿದ್ದಾರೆ. ನಮ್ಮ ಪಕ್ಕದ ಸೊಲ್ಲಾಪುರದಲ್ಲಿ 2018, 2019ರಲ್ಲಿ ಪುಣೆಯ ಐಐಟಿಎಂನವರು ವಿಮಾನ, ರೇಡಾರ್ ಇಟ್ಟುಕೊಂಡು ಮಳೆನೆರಳಿನ ಸೀಮೆಯ ಮೋಡಗಳ ಅಧ್ಯಯನ ಮಾಡಿದ್ದಾರೆ. ವಿಜಯಪುರದಲ್ಲೇ 1930ರ ದಶಕದಿಂದ ಒಣಬೇಸಾಯದ ಸಂಶೋಧನೆ ನಡೆದಿದೆ. ಅಂದರೆ ನಮ್ಮ ಸೀಮೆಯ ಮಳೆ-ಗಾಳಿಯ ಬಗ್ಗೆ ತಿಳಿವಳಿಕೆ ಇಲ್ಲವೆಂದಲ್ಲ, ಅದನ್ನು ರನ್‌ವೇ ತನಕ ತರಬೇಕು.

ಇಷ್ಟೆಲ್ಲ ಬರೆದದ್ದು ನಮ್ಮ ಊರಿನ ಮಾತಿಗೇ ಬರಲಿಕ್ಕೆ. ನಿಲ್ದಾಣದ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ ರನ್‌ವೇ ಎಷ್ಟು ಉದ್ದ ಅನ್ನುವುದಷ್ಟೇ ಅಲ್ಲ. ಗಾಳಿ ಅಳೆಯುವ ಕಂಬ ಎಷ್ಟು, ಎಲ್ಲೆಲ್ಲಿ? ರನ್‌ವೇಯ ಎರಡೂ ತುದಿಯಲ್ಲಿ ಇದೆಯೋ, ಒಂದೇ ಕಡೆಯೋ? ಒಂದು ತುದಿಯಲ್ಲಿ ಎದುರುಗಾಳಿ, ಇನ್ನೊಂದು ತುದಿಯಲ್ಲಿ ಹಿಂಗಾಳಿ ಇರುವುದೇ ಮೈಕ್ರೋಬರ್ಸ್ಟ್‌ನ ಗುರುತಾದ್ದರಿಂದ ಒಂದೇ ಕಂಬ ಅದನ್ನು ಹೇಳಲಾರದು. ಸಂಜೆಯ ಮೋಡ ನೋಡಿ ವರದಿ ಕೊಡುವ ಹವಾಮಾನದವರು ಇರುತ್ತಾರೋ? ಹತ್ತಿರದ ಡಾಪ್ಲರ್ ರೇಡಾರ್ ಬುರಣಾಪುರದ ಮೇಲಿನ ಕೆಳಗಾಳಿಯನ್ನು ಕಾಣುತ್ತದೋ? ರೇಡಾರಿನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇಳುತ್ತದೆ. ನಮಗೆ ಬೇಕಾದ್ದು ನೆಲದ ಹತ್ತಿರದ ಗಾಳಿ.

ಎರಡನೆಯದು ನಮ್ಮ ನಿಮ್ಮ ತಲೆಯೊಳಗಿನ ಮಾತು. ಬೇಸಿಗೆಯ ಸಂಜೆ ಬೆಂಗಳೂರಿಗೆ ಹೋಗುವ ವಿಮಾನ ಮಳೆಯ ಕಾರಣಕ್ಕೆ ಚೆನ್ನೈಗೆ ಹೋದರೆ ಒಳಗೆ ಎಷ್ಟು ಬೈಗುಳ ಏಳುತ್ತವೆ, ಕೇಳಿದವರಿಗೆ ಗೊತ್ತು. ನಾಳೆ ವಿಜಯಪುರದ ಮೇಲೆ ಎರಡು ಸುತ್ತು ಹಾಕಿದ ವಿಮಾನ ಇಳಿಯದೆ ಕಲಬುರಗಿಗೋ ಬೆಳಗಾವಿಗೋ ಹೋದೀತು. ಮದುವೆ ತಪ್ಪೀತು, ಮೀಟಿಂಗ್ ತಪ್ಪೀತು. ಕೆಳಗೆ ಕಾಯುವವರು "ಇಷ್ಟೇನ್ರಿ ಗಾಳಿ, ಇದಕ್ಕ ಹೆದರಿದ್ನಾ" ಅಂದಾರು. ಆಗ ನ್ಯೂಯಾರ್ಕಿನ ಆ ಮಧ್ಯಾಹ್ನವನ್ನು ನೆನೆಸಿಕೊಳ್ಳಬೇಕು. ಮೇಲೆದ್ದು ಹೋದ ವಿಮಾನದ ಜನ ಆ ದಿನ ತಡವಾಗಿ ಮನೆ ಮುಟ್ಟಿದರು, ಅಷ್ಟೇ.

ಗಾಳಿ ತಿರುಗಿದಾಗ ಬುಟ್ಟಿ ಕೆಳಗಿಟ್ಟು ಕಾಯುವುದು ನಮ್ಮ ರೈತರಿಗೆ ಯಾರೂ ಸಿಮ್ಯುಲೇಟರಿನಲ್ಲಿ ಕಲಿಸಿದ್ದಲ್ಲ. ತೂರುವವನನ್ನು ಅವಸರ ಮಾಡಿದವರನ್ನು ಕಣದಲ್ಲಿ ಯಾರೂ ಜಾಣರೆಂದು ಕರೆದದ್ದಿಲ್ಲ. ಅದೇ ಸಮಾಧಾನವನ್ನು ಮೇಲಿರುವ ಪೈಲಟ್ಟಿಗೂ ಕೊಟ್ಟರೆ ನಮ್ಮ ನಿಲ್ದಾಣಕ್ಕೆ ನಾವು ಕೊಡುವ ಮೊದಲ ಸಲಕರಣೆ ಅದೇ ಆದೀತು. ದುಡ್ಡು ಖರ್ಚಿಲ್ಲದ್ದು.